ನೀವು ಕೇಳಿದ್ದು ಯಾವ ಮತ?

ಕನ್ನಡದಲ್ಲಿ ಮತ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಪ್ರಜೆ ತನ್ನ ವಿವೇಕದಿಂದ ಯೋಚಿಸಿ ಕೊಡುವ ಅಭಿಪ್ರಾಯ. ಇನ್ನೊಂದು, ಅವನು ಹುಟ್ಟುವಾಗಲೇ ಹೊತ್ತು ಬಂದ ಧರ್ಮ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ದೊಡ್ಡ ಪಕ್ಷಗಳು ಮೊದಲನೆಯದನ್ನು ಕೇಳುವ ನೆಪದಲ್ಲಿ ಎರಡನೆಯದನ್ನೇ ಕೇಳಿದವು. ಆ ಜೂನ್ 4ರಂದು ಎಣಿಕೆ ಮುಗಿದ ಮೇಲೆ ಮಧುಗಿರಿಯ ಮಂಡಿಯಲ್ಲೂ ಶಿರಾದ ಎಣ್ಣೆ ಗಿರಣಿಗಳ ಬಾಗಿಲಲ್ಲೂ ಕೊರಟಗೆರೆ, ಪಾವಗಡಗಳ ಹೋಟೆಲುಗಳಲ್ಲೂ ಜನ ಕೇಳಿದ ಪ್ರಶ್ನೆ ಒಂದೇ: ಇದೇನಾ ನಮ್ಮ ದೇಶ? ಸೋತ ಪಕ್ಷದವರು ಮಾತ್ರ ಕೇಳಿದ ಪ್ರಶ್ನೆ ಇದಲ್ಲ. ಆ ನೋವು ಇನ್ನೂ ಆರಿಲ್ಲ. ಆದ್ದರಿಂದಲೇ ಅದರ ಮೂಲವೇನು ಎಂದು ವಿಚಾರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಅಂಕಿಗಳನ್ನು ಮೊದಲು ನೋಡೋಣ. 64 ಕೋಟಿಗೂ ಮೀರಿದ ಜನ ಮತ ಹಾಕಿದರು. ಬಿಜೆಪಿಗೆ 240 ಸ್ಥಾನ, ಕಾಂಗ್ರೆಸ್ಸಿಗೆ 99. ಅತಿ ಹೆಚ್ಚು ಮತ ಪಡೆದ ಪಕ್ಷಕ್ಕೂ ನೂರಕ್ಕೆ 37 ಮತ ದಾಟಲಿಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ ಬಿಜೆಪಿಗೆ 17, ಅದರ ಜೊತೆಗೂಡಿದ ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. ಪಟಾಕಿಯನ್ನೇನೋ ಎರಡೂ ಕಡೆಯವರು ಹಚ್ಚಿದರು! ಯಾರಿಗೂ ದೇಶ ಪೂರ್ತಿಯಾಗಿ ಒಲಿಯಲಿಲ್ಲ. ಯಾರನ್ನೂ ದೇಶ ಪೂರ್ತಿಯಾಗಿ ಬಿಡಲೂ ಇಲ್ಲ. ಇಷ್ಟೇ ಆಗಿದ್ದರೆ ನಾವು ಚಿಂತಿಸುತ್ತಿರಲಿಲ್ಲ. ಗೆಲುವು ಸೋಲು ಪ್ರಜಾಪ್ರಭುತ್ವದ ನಿತ್ಯ ವ್ಯವಹಾರ.

ನಮ್ಮನ್ನು ಕಂಗೆಡಿಸಿದ್ದು ಬೇರೆ. ನಮ್ಮ ಭಾಗದಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರಂದು. ಅದಕ್ಕೆ ಐದು ದಿನ ಮೊದಲು ರಾಜಸ್ಥಾನದ ಬಾನ್ಸ್‌ವಾಡಾದಲ್ಲಿ ದೇಶದ ಪ್ರಧಾನಿಯೇ, ಕಾಂಗ್ರೆಸ್ಸು ಬಂದರೆ ನಿಮ್ಮ ಸಂಪತ್ತನ್ನು ಮುಸ್ಲಿಮರಿಗೆ ಹಂಚಿಬಿಡುತ್ತದೆ, ತಾಯಂದಿರ ಮಂಗಳಸೂತ್ರವನ್ನೂ ಉಳಿಸುವುದಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಚುನಾವಣಾ ಆಯೋಗ ನೋಟೀಸು ಕಳಿಸಿತು. ಯಾರಿಗೆ? ಮಾತಾಡಿದವರಿಗಲ್ಲ, ಅವರ ಪಕ್ಷದ ಅಧ್ಯಕ್ಷರಿಗೆ. ಸಂತೆಯಲ್ಲಿ ತೂಕ ಕಡಿಮೆ ಹಾಕಿದ ಬಡ ವ್ಯಾಪಾರಿಯ ತಕ್ಕಡಿ ಕಸಿಯುವ ಸರ್ಕಾರಕ್ಕೆ, ದೇಶವನ್ನೇ ಎರಡು ತಟ್ಟೆಯಲ್ಲಿ ಇಟ್ಟು ತೂಗಿದವರ ಹೆಸರು ಹೇಳಲೂ ಬಾಯಿ ಬರಲಿಲ್ಲ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಕಥೆ. ಮಧುಗಿರಿ, ಕೊರಟಗೆರೆ ತುಮಕೂರು ಕ್ಷೇತ್ರಕ್ಕೆ. ಶಿರಾ, ಪಾವಗಡ ಚಿತ್ರದುರ್ಗಕ್ಕೆ. 2019ರಲ್ಲಿ ತುಮಕೂರಿನಲ್ಲಿ ಬಿಜೆಪಿಯನ್ನು ಸೋಲಿಸಿ ಎಂದು ಕೇಳಿ ಸೋತವರು ಜೆಡಿಎಸ್‌ನ ದೇವೇಗೌಡರು. 2024ರಲ್ಲಿ ಅದೇ ಜೆಡಿಎಸ್ ಅದೇ ಬಿಜೆಪಿಗೆ ಮತ ಹಾಕಿ ಎಂದಿತು. ಕಾಂಗ್ರೆಸ್ಸಿನ ಅಭ್ಯರ್ಥಿ ಮುದ್ದಹನುಮೇಗೌಡರು 2014ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, 2022ರಲ್ಲಿ ಬಿಜೆಪಿ ಸೇರಿ, ಚುನಾವಣೆಯ ಹೊಸ್ತಿಲಲ್ಲಿ ಮರಳಿ ಬಂದವರು. ಗೆದ್ದ ಸೋಮಣ್ಣನವರು ಅದಕ್ಕೆ ಒಂದು ವರ್ಷ ಮೊದಲು ವರುಣಾ, ಚಾಮರಾಜನಗರ ಎರಡರಲ್ಲೂ ಸೋತವರು. ಚಿತ್ರದುರ್ಗಕ್ಕೆ ಮುಧೋಳದಿಂದ ಕಾರಜೋಳರನ್ನು ಕರೆತಂದರು. ತತ್ವ ಹೋದ ಮೇಲೆ ಉಳಿದದ್ದೇನು? ಜಾತಿಯ ತಲೆಯೆಣಿಕೆ. ಲಿಂಗಾಯತರೆಷ್ಟು, ಒಕ್ಕಲಿಗರೆಷ್ಟು, ಗೊಲ್ಲರೆಷ್ಟು, ಎಡಗೈಯವರೆಷ್ಟು, ಬಲಗೈಯವರೆಷ್ಟು ಎಂಬ ಲೆಕ್ಕ. ಈ ಲೆಕ್ಕದ ಪುಸ್ತಕ ಎಲ್ಲ ಪಕ್ಷಗಳ ಕಚೇರಿಯಲ್ಲೂ ಇದೆ. 2020ರ ಶಿರಾ ಉಪಚುನಾವಣೆಯ ಹೊತ್ತಿಗೇ ಸರ್ಕಾರಕ್ಕೆ ಕಾಡುಗೊಲ್ಲರ ಅಭಿವೃದ್ಧಿ ನಿಗಮ ನೆನಪಾದದ್ದು ಆಕಸ್ಮಿಕವೇ?

ಈ ಲೆಕ್ಕದ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಅಂದಿನ ಸಂಸದ ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತರೆಂಬ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ. ಹಟ್ಟಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಮಾತಾಡಿ ಬಂದರು. ಓಟಿಗೆ ಆದವರು ಹಟ್ಟಿಗೆ ಆಗಲಿಲ್ಲ! ಹಟ್ಟಿಯ ಬಡವರನ್ನು ಹಳಿದು ನಾವು ಕೈತೊಳೆದುಕೊಳ್ಳುವುದಿಲ್ಲ. ಅವರನ್ನು ಶಾಲೆಯಿಂದ, ನೀರಿನಿಂದ, ಮನೆಯಿಂದ ದೂರವಿಟ್ಟು, ಚುನಾವಣೆ ಬಂದಾಗ ಮಾತ್ರ ಜಾತಿಯಾಗಿ ಎಣಿಸಿದವರು ಯಾರು ಎಂದು ಕೇಳುತ್ತೇವೆ.

ವ್ಯಾಪಾರಿ ಬಂಧುಗಳು ಇನ್ನೊಂದನ್ನು ನೆನೆಯಬೇಕು. 2022ರಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲವೆಂದರು. 2002ರ ನಿಯಮವೊಂದನ್ನು ತೋರಿಸಿ ವಿಧಾನಸಭೆಯಲ್ಲಿ ಉತ್ತರ ಹೇಳಿದ ಕಾನೂನು ಮಂತ್ರಿಗಳು ನಮ್ಮ ಜಿಲ್ಲೆಯವರೇ. ಬಳೆ, ಬತ್ತಾಸು, ಆಟದ ಸಾಮಾನು ಮಾರುವವನಿಗೆ ಜಾತ್ರೆಯೇ ವರ್ಷದ ಸುಗ್ಗಿ. ದಂಡಿನ ಮಾರಮ್ಮನ ಜಾತ್ರೆಗೆ ಬರುವ ಹೆಂಗಸು ಬಳೆಗಾರನ ಕುಲ ಕೇಳಿ ಕೈಯೊಡ್ಡುತ್ತಾಳೆಯೇ? ಶಿರಾದ ಕಂಬಳಿ ಹೊದ್ದವನು ಅದನ್ನು ಮಾರಿದವನ ದೇವರು ಯಾರೆಂದು ವಿಚಾರಿಸಿದ್ದುಂಟೇ? ಇಂದು ಪಕ್ಕದ ಅಂಗಡಿಯವನನ್ನು ಎಬ್ಬಿಸಿದವರು ನಾಳೆ ನಿಮ್ಮನ್ನು ಎಬ್ಬಿಸಲು ಬೇರೊಂದು ನಿಯಮ ಹುಡುಕುತ್ತಾರೆ.

ಈ ಗದ್ದಲದಲ್ಲಿ ಕೇಳದೇ ಹೋದ ಪ್ರಶ್ನೆಗಳೆಷ್ಟು! ಶಿರಾ, ಪಾವಗಡಗಳಿಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿತು. 2024ರಲ್ಲಿ ನಾವು ಮತಗಟ್ಟೆಗೆ ಹೋದ ದಿನದವರೆಗೂ ಆ ಹಣ ಬಂದಿರಲಿಲ್ಲ. ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗಬೇಕಾದ ರೈಲು ಮಂಜೂರಾಗಿ ಹದಿನೈದು ವರ್ಷ ಮೀರಿದ್ದರೂ ಮತದಾನದ ದಿನ ಆ ಊರುಗಳಲ್ಲಿ ರೈಲಿನ ಕೂಗು ಕೇಳಿರಲಿಲ್ಲ. ಸೋಮಣ್ಣನವರು ಗೆದ್ದು ರೈಲ್ವೆ, ಜಲಶಕ್ತಿ ಎರಡಕ್ಕೂ ರಾಜ್ಯ ಸಚಿವರಾದರು. ನಮ್ಮ ಎರಡು ಕೊರತೆಗಳೂ ಅವರ ಎರಡು ಖಾತೆಗಳಲ್ಲೇ ಕೂತಿವೆ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರವಿದ್ಯುತ್ತು. ಭೂಮಿ ಇದ್ದವನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಆರಂಭವಾದ ಬಾಡಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಕೂಲಿಯವನಿಗೆ ಏನು? ಗಿರಣಿ ಕಾರ್ಮಿಕರ ದಿನದ ದುಡಿಮೆಯನ್ನು 12 ಗಂಟೆಗೆ ಏರಿಸಲು ದಾರಿ ಮಾಡಿದ 2023ರ ಕಾರ್ಖಾನೆ ತಿದ್ದುಪಡಿ ಬಿಜೆಪಿ ಸರ್ಕಾರದ್ದು. 2025ರ ಜುಲೈನಲ್ಲಿ ಫೋನಿನಲ್ಲಿ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಬೀಡಾ ಅಂಗಡಿಯವರಿಗೂ ತೆರಿಗೆ ನೋಟೀಸು ಕಳಿಸಿದ್ದು ಕಾಂಗ್ರೆಸ್ ಸರ್ಕಾರದ ಇಲಾಖೆ. ಹನ್ನೆರಡು ಗಂಟೆ ದುಡಿದ ಮೈಗೆ ಜಾತಿ ಇದೆಯೇ? ನೋಟೀಸಿಗೆ ಧರ್ಮ ಇದೆಯೇ?

ಈಗ ವಿದ್ಯಾವಂತ ಮಹನೀಯರು ಹೇಳುತ್ತಾರೆ: ಜನ ಮೂರ್ಖರು, ಈ ದೇಶ ಉದ್ಧಾರವಾಗದು. ಈ ಮಾತನ್ನು ನಾವು ಒಪ್ಪುವುದಿಲ್ಲ. 1977ರಲ್ಲಿ ಉತ್ತರದ ಓದುಬರಹವಿಲ್ಲದ ಹಳ್ಳಿಗರು ತುರ್ತುಪರಿಸ್ಥಿತಿಯನ್ನು ಕಿತ್ತೆಸೆದಾಗ, ಕನ್ನಡ ನಾಡು 28ರಲ್ಲಿ 26 ಸ್ಥಾನಗಳನ್ನು ಇಂದಿರಾ ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಅಂದು ದೇಶವನ್ನು ಕಾಪಾಡಿದವರು ಯಾರು? 1984ರ ಡಿಸೆಂಬರಿನಲ್ಲಿ 24 ಕಾಂಗ್ರೆಸ್ ಸಂಸದರನ್ನು ಕಳಿಸಿದ ಇದೇ ಕರ್ನಾಟಕ ಮೂರೇ ತಿಂಗಳಲ್ಲಿ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟಿತು. 2023ರ ಮೇ ತಿಂಗಳಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಕಾಂಗ್ರೆಸ್ಸು ಗೆದ್ದಿತು. ಮರುವರ್ಷ ಎರಡೂ ಲೋಕಸಭಾ ಕ್ಷೇತ್ರ ಬಿಜೆಪಿಗೆ ಹೋದವು. ಮತದಾರ ಯಾರ ಮನೆಯ ಜೀತದಾಳೂ ಅಲ್ಲ. ಅವನ ಮುಂದೆ ಇಡುವ ಪ್ರಶ್ನೆಯೇ ಕೆಟ್ಟಿದ್ದರೆ ಉತ್ತರ ಎಲ್ಲಿಂದ ಚೆನ್ನಾಗಿ ಬರಬೇಕು?

ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ದೆಹಲಿಯಲ್ಲಿ ಕೂಗುವವರಿಗೂ ನಮ್ಮದೊಂದು ಮಾತಿದೆ. ಮತದಾರರ ಪಟ್ಟಿ ಕೆಟ್ಟದ್ದು ನಮ್ಮ ಸರ್ಕಾರವಿದ್ದಾಗಲೇ ಅಲ್ಲವೇ, ಆಗ ಏಕೆ ಸುಮ್ಮನಿದ್ದೆವು ಎಂಬರ್ಥದಲ್ಲಿ ಕೇಳಿದ ಮಧುಗಿರಿಯ ಶಾಸಕ ರಾಜಣ್ಣನವರು 2025ರ ಆಗಸ್ಟಿನಲ್ಲಿ ಮಂತ್ರಿಗಿರಿ ಕಳೆದುಕೊಂಡರು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಮೊದಲು ಬಿಜೆಪಿ, ಆಮೇಲೆ ಕಾಂಗ್ರೆಸ್ಸು, ಇಬ್ಬರೂ ವರ್ಷಗಟ್ಟಲೆ ಚುನಾವಣೆಯನ್ನು ಮುಂದೂಡಿದರು. ನಮಗೆ ಅತಿ ಸಮೀಪದ ಮತವನ್ನೇ ನಮ್ಮಿಂದ ಕಿತ್ತುಕೊಂಡವರು ಯಾವ ಸಂವಿಧಾನವನ್ನು ಕೈಯಲ್ಲಿ ಹಿಡಿದು ತೋರಿಸುತ್ತಾರೆ?

ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ, ದೇಶದ ಬಗ್ಗೆ ನೊಂದುಕೊಳ್ಳುವುದು ತಪ್ಪಲ್ಲ. ನೊಂದು ಮನೆಯ ಬಾಗಿಲು ಹಾಕಿಕೊಳ್ಳುವುದು ತಪ್ಪು. ನಿಮ್ಮ ಸಂಘದ ಸಭೆಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಒಂದೇ ಚಾಪೆಯ ಮೇಲೆ ಕೂರುವಂತೆ ನೋಡಿಕೊಳ್ಳಿ. ಜಾತ್ರೆಯಲ್ಲಿ ಒಬ್ಬನ ಮಳಿಗೆ ಎಬ್ಬಿಸಲು ಬಂದರೆ ಎಲ್ಲ ಮಳಿಗೆಗಳ ಬಾಗಿಲು ಮುಚ್ಚಿ. ಮುಂದಿನ ಸಲ ಯಾವ ಪಕ್ಷದವನೇ ಕೈಮುಗಿದು ಬರಲಿ, ಅವನು ನಿಮ್ಮ ಕುಲ ಎಣಿಸುವ ಮೊದಲೇ ನೀವು ಕೇಳಿ: ಭದ್ರೆಯ ನೀರೆಲ್ಲಿ, ರೈಲೆಲ್ಲಿ, ಎಂಟು ಗಂಟೆಯ ದುಡಿಮೆಯೆಲ್ಲಿ, ನಮ್ಮ ಪಂಚಾಯಿತಿಯೆಲ್ಲಿ? ಇದಕ್ಕೆ ಉತ್ತರ ಹೇಳಿದ ಮೇಲೆ ಮತದ ಮಾತಾಡೋಣ.