ಎಂಟು ವರ್ಷ ತುಂಬುವವರೆಗೆ ಆ ಮಕ್ಕಳಿಗೆ ಯಾರು ದಿಕ್ಕು?



ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಬಗ್ಗೆ, ಒಂದನೇ ತರಗತಿಗೆ ಸೇರಲು ಎಷ್ಟು ವಯಸ್ಸಾಗಿರಬೇಕೆಂಬ ಬಗ್ಗೆ ರಾಜ್ಯದಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಕಲಿಕೆಯಲ್ಲಿ ತೊಡಕಿರುವ ಪುಟ್ಟ ಮಕ್ಕಳ ಮಾತು ಅದರಲ್ಲಿ ಬಂದದ್ದು ತೀರಾ ಕಡಿಮೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಒಪ್ಪಿಕೊಂಡಿದೆ. ಆದರೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬದ ಮಗುವಿಗೆ ಇದರ ಪ್ರಮಾಣಪತ್ರ ಸಿಗುವುದಿಲ್ಲ. ಈ ನಿಯಮದಲ್ಲಿ ನನಗೆ ತಪ್ಪು ಕಾಣುತ್ತಿಲ್ಲ. ಐದು ವರ್ಷದ ಮಗು ಅಕ್ಷರವನ್ನು ತಿರುಗಿಸಿ ಬರೆದರೆ ಅದು ವಯಸ್ಸಿನ ಸಹಜ ಗುಣವೋ ತೊಡಕಿನ ಲಕ್ಷಣವೋ ಎಂದು ಹೇಳುವುದು ತಜ್ಞರಿಗೂ ಕಷ್ಟ. ತಪ್ಪಿರುವುದು, ಎಂಟಾಗುವವರೆಗೆ ಏನು ಮಾಡಬೇಕೆಂದು ಹೆತ್ತವರಿಗೆ ಯಾರೂ ತಿಳಿಸಿಕೊಡದಿರುವುದರಲ್ಲಿ. ಹೀಗಾಗಿ ಆ ವರ್ಷಗಳು ಕಾಪಿ ಬರಹಕ್ಕೆ, ಟ್ಯೂಷನ್ನಿಗೆ ಹೋಗುತ್ತಿವೆ. ಅಕ್ಷರ ನೆನಪಿನಲ್ಲಿ ನಿಲ್ಲದ ಮಗುವಿಗೇ ಹೆಚ್ಚು ಹೋಮ್‌ವರ್ಕ್, ಅದರ ಆಟಕ್ಕೇ ಮೊದಲು ಕತ್ತರಿ. ಈ ಮಕ್ಕಳಿಗೆ ಆ ವಯಸ್ಸಿನಲ್ಲಿ ಬೇಕಾದದ್ದು ಮನೆಯಲ್ಲಿ ದೊಡ್ಡವರು ಜೊತೆಗೆ ಕೂತು ಆಡುವ ಆಟ. ಅದನ್ನು ಹೇಗೆ ಆಡಿಸಬೇಕೆಂದು ಹೆತ್ತವರಿಗೆ ತೋರಿಸಿಕೊಡುವುದು ಸರ್ಕಾರದ ಹೊಣೆ.

ಇದು ಬರೀ ಹಳೆಯ ಕಾಲದ ಮೇಲಿನ ಮೋಹವಲ್ಲ. ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಸವನ್ನೂ ಪದದ ಮೊದಲ ಸದ್ದನ್ನೂ ಗುರುತಿಸಲು ನಾಲ್ಕೈದರ ವಯಸ್ಸಿನಲ್ಲಿ ಕಷ್ಟಪಟ್ಟ ಮಕ್ಕಳು ಮುಂದೆ ಓದಿನಲ್ಲೂ ಹಿಂದುಳಿದಿದ್ದರು. ಅಂಥವರಲ್ಲಿ ಕೆಲವರಿಗೆ ಸದ್ದುಗಳನ್ನು ವಿಂಗಡಿಸುವುದನ್ನು ಅಕ್ಷರದ ಬಿಲ್ಲೆಗಳ ಜೊತೆ ಕಲಿಸಿದಾಗ ಓದು ಚೇತರಿಸಿಕೊಂಡಿತು. ಕನ್ನಡದ ಮಗುವಿಗಂತೂ ಹೊರೆ ಇನ್ನೂ ದೊಡ್ಡದು. ಕಾಗುಣಿತ, ಒತ್ತಕ್ಷರಗಳನ್ನು ಸೇರಿಸಿದರೆ ಕಲಿಯಬೇಕಾದ ರೂಪಗಳು ನೂರಾರು. ‘ರ’ಕ್ಕೂ ‘ಠ’ಕ್ಕೂ ಒಂದು ಚುಕ್ಕಿಯ ವ್ಯತ್ಯಾಸ. ಇವನ್ನೆಲ್ಲ ಕರಗತ ಮಾಡಿಕೊಳ್ಳಲು ಎರಡನೇ ತರಗತಿಯಾಚೆಗೂ ವರ್ಷಗಳು ಬೇಕೆಂದು ಕನ್ನಡದ ಮಕ್ಕಳ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಅಂದಮೇಲೆ ನಾಲ್ಕು ವರ್ಷದ ಮಗುವಿನಿಂದ ಪುಟಗಟ್ಟಲೆ ಅಕ್ಷರ ತಿದ್ದಿಸಿ ಏನು ಪ್ರಯೋಜನ? ‘ಕ-ಮ-ಲ’ ಎಂದು ಹೆಸರು ಬಿಡಿಸಿ ಚಪ್ಪಾಳೆ ತಟ್ಟುವುದು, ಒಂದೇ ಸದ್ದಿನಿಂದ ಶುರುವಾಗುವ ಸಾಮಾನುಗಳನ್ನು ಅಡುಗೆಮನೆಯಲ್ಲಿ ಹುಡುಕುವುದು, ಒಗಟು ಬಿಡಿಸುವುದು ಈ ವಯಸ್ಸಿಗೆ ತಕ್ಕ ಅಭ್ಯಾಸ. ನಮ್ಮ ಲಿಪಿ ಬರೆಯುವುದೂ ಹೆಚ್ಚುಕಡಿಮೆ ಚಪ್ಪಾಳೆ ಬೀಳುವ ಆ ತುಂಡುಗಳನ್ನೇ. ಲೆಕ್ಕದ ವಿಷಯದಲ್ಲೂ ಹೀಗೆಯೇ. ಅಮೆರಿಕದ ಸೀಗ್ಲರ್ ಮತ್ತು ರಮಣಿ 2008ರಲ್ಲಿ ಬಡ ಕುಟುಂಬದ ಮಕ್ಕಳಿಗೆ, ಒಂದರಿಂದ ಹತ್ತರವರೆಗೆ ಸಾಲಾಗಿ ಮನೆ ಬರೆದ ಹಲಗೆಯ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ 15 ನಿಮಿಷ ಆಡಿಸಿದರು. ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತು. ಒಂಬತ್ತು ವಾರದ ನಂತರವೂ ಅದು ಉಳಿದಿತ್ತು. ಅವರು ಕಲಿಕಾ ನ್ಯೂನತೆ ಇದೆಯೆಂದು ಗುರುತಾದ ಮಕ್ಕಳಲ್ಲ ನಿಜ. ಆದರೆ ಎಣಿಕೆ ತಡವಾಗುವ ಮಗುವಿಗೂ ಮೊದಲು ಗಟ್ಟಿಯಾಗಬೇಕಾದ ಬುನಾದಿ ಇದೇ. ಅಂಗಳದಲ್ಲಿ ಸೀಮೆಸುಣ್ಣದಿಂದ ಹತ್ತು ಮನೆ ಗೀಚಿದರೆ ಹಲಗೆ ಸಿದ್ಧ. ಅಳಗುಳಿಮಣೆಯ ಗುಳಿಗೊಂದರಂತೆ ಹುಣಸೆಬೀಜ ಹಾಕಿಸುತ್ತ ಬಾಯಿಬಿಟ್ಟು ಎಣಿಸಿದರೆ ಲೆಕ್ಕದ ಜೊತೆಗೆ ಬೆರಳುಗಳೂ ಪಳಗುತ್ತವೆ.

ಕೂಲಿಗೆ ಹೋಗುವ, ಓದು ಬಾರದ ತಂದೆತಾಯಿಯಿಂದ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986ರ ಸುಮಾರಿಗೆ ಶುರುವಾದ ಪ್ರಯೋಗ ಇದಕ್ಕೆ ಉತ್ತರ. ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತಗೊಂಡ ಬಡ ಮಕ್ಕಳ ಮನೆಗೆ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಮ್ಮೆ ಹೋಗಿ, ಕೈಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದು ಹೇಗೆಂದು ತಾಯಂದಿರಿಗೆ ಕಲಿಸಿದರು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳು, ಈ ನೆರವು ಸಿಗದ ಅಂಥದೇ ಮಕ್ಕಳಿಗಿಂತ ಶೇ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಒಡಿಶಾದ ಹಳ್ಳಿಗಳಲ್ಲಿ ನಡೆದ ಇಂಥದೇ ಪ್ರಯೋಗದಲ್ಲಿ, ಮನೆ ಭೇಟಿಯಷ್ಟೇ ಫಲವನ್ನು ತಾಯಂದಿರ ಗುಂಪು ಸಭೆಗಳೂ ಕೊಟ್ಟವು, ಅದೂ ಕಡಿಮೆ ಖರ್ಚಿನಲ್ಲಿ. ನಮ್ಮ ಅಂಗನವಾಡಿಗಳಲ್ಲಿ ತಾಯಂದಿರ ಸಭೆ ಹೊಸದೇನಲ್ಲ. ಅಂಗನವಾಡಿಗೆ ಬರುವ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಕೇಂದ್ರ 2023ರಲ್ಲಿ ಕಾರ್ಯವಿಧಾನವೊಂದನ್ನೂ ಹೊರಡಿಸಿದೆ. ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಹೇರಿದಂತಾಗುತ್ತದೆ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಸಮೀಕ್ಷೆ, ಮತದಾರರ ಪಟ್ಟಿಯಂಥ ಕೆಲಸಗಳಿಂದ ಅವರನ್ನು ಬಿಡುಗಡೆ ಮಾಡದೆ, ಗೌರವಧನ ಹೆಚ್ಚಿಸದೆ ಇದನ್ನು ಅವರಿಂದ ಕೇಳುವುದು ತಪ್ಪು. ಸಭೆಗೆ ತಾಯಂದಿರನ್ನು ಮಾತ್ರ ಕರೆಯುವುದೂ ಸರಿಯಲ್ಲ. ಅಪ್ಪಂದಿರು, ಅಜ್ಜ-ಅಜ್ಜಿಯರು ಬರಲೇಬೇಕು.

ಆಟದ ನೆಪದಲ್ಲಿ ತಪಾಸಣೆ ಮುಂದಕ್ಕೆ ಹೋಗಬಹುದೆಂಬ ಭಯ ವೈದ್ಯರಲ್ಲಿದೆ. ಈ ಭಯವನ್ನು ಹಗುರವಾಗಿ ಕಾಣಬಾರದು. ಆಟ ಚಿಕಿತ್ಸೆಯಲ್ಲ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಅದರಿಂದ ಮಾಯವಾಗುವುದಿಲ್ಲ. ಮಾತು ತಡವಾದ ಮಗುವಿನ ಕಿವಿ, ಕಣ್ಣುಗಳ ಪರೀಕ್ಷೆ ಮೊದಲು ಆಗಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕೆಂಬ ನಿಯಮವಿದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮಲ್ಲೇ ಇದೆ. ಕಲಿಕಾ ನ್ಯೂನತೆ ಗುರುತಿಸಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯಲ್ಲಿ ಐದರಿಂದ ಏಳು ವರ್ಷದವರಿಗೆ ಪ್ರತ್ಯೇಕ ಹಂತವೇ ಇದೆ. ಆದರೆ ತಪಾಸಣೆಗೆ ಕರೆದೊಯ್ಯಲು ತೊಡಕು ಮೊದಲು ಯಾರದಾದರೂ ಕಣ್ಣಿಗೆ ಬೀಳಬೇಕಲ್ಲ? ದಿನವೂ ಪ್ರಾಸದಾಟ ಆಡಿಸುವ ಅಜ್ಜಿಗೆ, ತಿಂಗಳುಗಳಾದರೂ ಮಗುವಿಗೆ ಅದು ಹತ್ತುತ್ತಿಲ್ಲವೆಂಬುದು ಮಾರ್ಕ್ಸ್ ಕಾರ್ಡಿಗಿಂತ ಎಷ್ಟೋ ಮೊದಲು ತಿಳಿಯುತ್ತದೆ. ಆಕೆ ಕಂಡದ್ದನ್ನು ಬರೆದುಕೊಂಡು ಆರೋಗ್ಯ ತಂಡಕ್ಕೆ ಮುಟ್ಟಿಸುವ ವ್ಯವಸ್ಥೆ ಅಂಗನವಾಡಿಯಲ್ಲಿರಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಶಾಲಾ ಶಿಕ್ಷಣ ಇಲಾಖೆ ಎರಡೂ ಸೇರಿ ಮನೆಯ ಆಟಗಳ ಕನ್ನಡ ಕೈಪಿಡಿಯೊಂದನ್ನು ಬರುವ ಶೈಕ್ಷಣಿಕ ವರ್ಷದೊಳಗೆ ಹೊರತರಲಿ. ಐದು ವರ್ಷದೊಳಗಿನ ಮಕ್ಕಳಿಗೆ ಬರೆಯುವ ಹೋಮ್‌ವರ್ಕ್ ಕೊಡಕೂಡದೆಂದು ಆದೇಶ ಹೊರಡಿಸಿ, ಅದನ್ನು ಖಾಸಗಿ ನರ್ಸರಿಗಳಿಗೂ ಅನ್ವಯಿಸಲಿ.

ಇತಿ,
ಓದುಗರೊಬ್ಬರು, ತುಮಕೂರು