ಮಳೆಗಾಲ ಮತ್ತು ಬೈಕಿನ ಉಸಿರು

ಕಾಲೇಜಿಗೆ ಹೋಗುವ ಮಗನ ಕೈಗೆ ಮೋಟಾರ್ ಸೈಕಲ್ ಬಂದ ಕೆಲವೇ ತಿಂಗಳಲ್ಲಿ ಅದರ ಸದ್ದು ಬದಲಾಗುವುದನ್ನು ಮನೆಯ ಹಿರಿಯರು ಗಮನಿಸಿರಬಹುದು. ಸೈಲೆನ್ಸರ್ ಬದಲಿಸಿರುವನೆಂದು ನಾವು ಊಹಿಸುತ್ತೇವೆ. ಎಷ್ಟೋ ವೇಳೆ ಬದಲಾಗಿರುವುದು ಅದಲ್ಲ, ಎಂಜಿನ್ನಿಗೆ ಗಾಳಿ ಹೋಗುವ ಮಾರ್ಗ. ಪಕ್ಕದ ಮುಚ್ಚಳದೊಳಗಿನ ಗಾಳಿಪೆಟ್ಟಿಗೆಯನ್ನು ಕಿತ್ತು, ಕಾರ್ಬ್ಯುರೇಟರಿನ ಬಾಯಿಗೆ ನೇರವಾಗಿ ಶಂಕುವಿನಾಕಾರದ ಫಿಲ್ಟರೊಂದನ್ನು ಸಿಕ್ಕಿಸಿರುತ್ತಾರೆ. ಬೇಸಿಗೆಯಲ್ಲಿ ಇದರ ತೊಂದರೆ ಅಷ್ಟಾಗಿ ತೋರದು. ಜೂನ್ ತಿಂಗಳಲ್ಲಿ ಗೆಳೆಯರ ಗುಂಪು ಆಗುಂಬೆಯ ಕಡೆಗೆ ಹೊರಟಾಗ ಚಿಂತಿಸಬೇಕಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯದು.

ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9000 ಲೀಟರ್ ಗಾಳಿ ಬೇಕು. ಲೀಟರಿಗೆ 40 ಕಿ.ಮೀ. ಓಡುವ ಬೈಕು, ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವಾಗ ನಿಮಿಷಕ್ಕೆ 150 ಲೀಟರಿನಷ್ಟು ಗಾಳಿಯನ್ನು ಹೀರುತ್ತಿರುತ್ತದೆ. ಕಿತ್ತೆಸೆದ ಆ ಪೆಟ್ಟಿಗೆ ಈ ಉಸಿರಾಟದ ಕಾವಲುಗಾರ. ಎತ್ತರದ, ಮರೆಯಾದ ಕಿರುಬಾಯಿಯಿಂದ ಬಂದ ಗಾಳಿ ಅದರೊಳಗೆ ವೇಗ ಕಳೆದುಕೊಂಡು ನೀರ ಹನಿಗಳನ್ನು ಕೆಳಗೆ ಬಿಡುತ್ತದೆ. ಆ ನೀರು ತಳದ ಕೊಳವೆಯಿಂದ ಇಳಿದುಹೋಗುತ್ತದೆ. ಹೀರುವ ಸದ್ದನ್ನು ಅಡಗಿಸುತ್ತಿದ್ದುದೂ ಅದೇ. ಸದ್ದು ಹೆಚ್ಚಿದ ಮಾತ್ರಕ್ಕೆ ಶಕ್ತಿಯೂ ಹೆಚ್ಚಿತೆಂದು ತರುಣರು ನಂಬುತ್ತಾರೆ. ಒಂಟಿ ಸಿಲಿಂಡರಿನ ಸಾಮಾನ್ಯ ಬೈಕಿನಲ್ಲಿ ದೊರೆಯುವ ಲಾಭ ಅತ್ಯಲ್ಪವೆಂದೇ ನನ್ನ ಅಭಿಪ್ರಾಯ.

ಮೇಲಿನಿಂದ ಬೀಳುವ ಮಳೆಗಿಂತ ಚಕ್ರಗಳು ಚಿಮ್ಮಿಸುವ ಕೆಸರುನೀರು ಹೆಚ್ಚು ಕೇಡು ಮಾಡುತ್ತದೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಸಣ್ಣ ತುಂತುರನ್ನು ತಡೆಯಬಲ್ಲದು; ತೊಯ್ದು ತೊಪ್ಪೆಯಾದರೆ ಅದಕ್ಕೂ ಗಾಳಿ ಬಿಡಲಾಗದು. ಕಾಗದದ ಫಿಲ್ಟರ್ ಇನ್ನೂ ಬೇಗ ಸೋಲುತ್ತದೆ. ಆಗ ಗಾಳಿ ಕಡಿಮೆಯಾಗಿ ಪೆಟ್ರೋಲು ಮಿತಿಮೀರಿ, ಎಂಜಿನ್ ಕೆಮ್ಮುತ್ತದೆ, ಏರಿನಲ್ಲಿ ಸೊರಗುತ್ತದೆ, ತಿರುವಿನ ನಡುವೆಯೇ ನಿಂತುಬಿಡಲೂಬಹುದು. ಹಿಂದೆ ಬಸ್ಸೋ ಲಾರಿಯೋ ಬರುತ್ತಿರುವ ಘಾಟಿಯಲ್ಲಿ ಹೀಗೆ ನಿಲ್ಲುವುದೆಂದರೇನೆಂದು ಹೆತ್ತವರಿಗೆ ವಿವರಿಸಬೇಕಾಗಿಲ್ಲ.

ಇದಕ್ಕಿಂತ ಭೀಕರವಾದುದು ರಸ್ತೆಯ ಮೇಲೆ ನಿಂತ ನೀರು. ತೆರೆದ ಫಿಲ್ಟರ್ ಮುಳುಗುವಷ್ಟು ಆಳಕ್ಕೆ ಇಳಿದರೆ ಎಂಜಿನ್ ನೀರನ್ನೇ ಹೀರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. 350 ಸಿ.ಸಿ. ಎಂಜಿನ್ನಿನ ಒತ್ತಡದ ಅನುಪಾತ 8.5 ಎಂದಿಟ್ಟುಕೊಳ್ಳಿ, ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ಸುಮಾರು 46 ಸಿ.ಸಿ., ಎಂದರೆ ಮೂರು ದೊಡ್ಡ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ ಪಿಸ್ಟನ್ ತಟ್ಟನೆ ತಡೆದು ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ನನ್ನು ಪೂರ್ತಿ ಬಿಚ್ಚದೆ ಅದರ ರಿಪೇರಿ ಆಗದು.

ಆದುದರಿಂದ ನೀರಿನಲ್ಲಿ ಬೈಕು ನಿಂತುಹೋದರೆ ಸೆಲ್ಫ್ ಗುಂಡಿಯನ್ನು ಒತ್ತಲೇಬಾರದೆಂದು ಮಕ್ಕಳಿಗೆ ಹೇಳಿರಿ. ಒಣ ಜಾಗಕ್ಕೆ ತಳ್ಳಿ, ಇಗ್ನಿಷನ್ ಆರಿಸಿ, ಪ್ಲಗ್ ಬಿಚ್ಚಿ, ಕಿಕ್ಕರ್ ಇದ್ದರೆ ಕೈಯಿಂದ ನಿಧಾನವಾಗಿ ಅದುಮಬೇಕು. ಒಳಗಿನ ನೀರು ಪ್ಲಗ್ಗಿನ ರಂಧ್ರದಿಂದ ಚಿಮ್ಮುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದನ್ನು ಬದಲಿಸದೆ ಚಾಲೂ ಮಾಡಕೂಡದು. ಕಿಕ್ಕರ್ ಇಲ್ಲದ ಬೈಕಾದರೆ ಮೆಕ್ಯಾನಿಕ್ಕನ ಬಳಿಗೆ ಸಾಗಿಸುವುದೇ ಲೇಸು.

ಕೆಲವರು ಫಿಲ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತುತ್ತಾರೆ. ಅದು ಉಸಿರುಗಟ್ಟಿಸುವ ಉಪಾಯ. ನೀರು ಹಿಡಿಯದ ತೆಳುಬಟ್ಟೆಯ ಹೊದಿಕೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ, ಚಿಮ್ಮುವ ನೀರಿಗೆ ಅವು ತಕ್ಕಮಟ್ಟಿಗೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನೇ ಮರಳಿ ಜೋಡಿಸುವುದು ಎಲ್ಲಕ್ಕಿಂತ ಉತ್ತಮ. ಹೊಸ ಫಿಲ್ಟರಿಗೆಂದು ಕಾರ್ಬ್ಯುರೇಟರಿನಲ್ಲಿ ದೊಡ್ಡ ಜೆಟ್ ಹಾಕಿಸಿದ್ದರೆ ಅದನ್ನೂ ಅದೇ ದಿನ ಬದಲಿಸಬೇಕು. ಇಲ್ಲವಾದರೆ ಪ್ಲಗ್ಗಿಗೆ ಕಪ್ಪು ಮಸಿ ಹಿಡಿದು, ಪೆಟ್ರೋಲಿನ ಖರ್ಚೂ ಏರುತ್ತದೆ.