ಬಾವಿಯ ನೀರು ಒಡೆಯನೊಬ್ಬನ ವಿಷಯವೇ?

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಡು ಬೆರಗಾಗದವರು ವಿರಳ. ಆದರೆ ಅದರ ಸೋದರಶಿಲೆಗಳು ನೆಲದಡಿಯಲ್ಲಿ ನಡೆಸುತ್ತಿರುವ ಕಾರ್ಯವನ್ನು ಗಮನಿಸಿದವರು ಇನ್ನೂ ವಿರಳ. ರಾಮನಗರದ ಕಡೆಯಿಂದ ಉತ್ತರಾಭಿಮುಖವಾಗಿ ಹೊರಟು ಮಧುಗಿರಿ, ಪಾವಗಡಗಳ ಸೀಮೆಯನ್ನು ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಇಂಥ ಶಿಲೆಗಳಲ್ಲಿರುವ ಅಪಟೈಟ್, ಕಪ್ಪು ಅಭ್ರಕ ಮೊದಲಾದ ಖನಿಜಗಳಿಂದ ಫ್ಲೋರೈಡ್ ಎಂಬ ಲವಣಾಂಶವು ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಬೈಕಾರ್ಬನೇಟ್ ಹೆಚ್ಚಾಗಿದ್ದರೆ ಈ ಕರಗುವಿಕೆ ಇನ್ನಷ್ಟು ಸುಲಭ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ತೆರೆದ ಬಾವಿಗಳು ಬಹುಮಟ್ಟಿಗೆ ಬತ್ತಿ, ಜನರು ನೂರಾರು ಅಡಿ ಆಳದ ಕೊಳವೆಬಾವಿಗಳನ್ನು ನೆಚ್ಚಿದ್ದಾರೆ. ಆಳದ ನೀರು ಶುದ್ಧವೆಂಬ ನಂಬಿಕೆ ಅರ್ಧಸತ್ಯ. ರೋಗಾಣುಗಳ ಮಟ್ಟಿಗೆ ಅದು ಹೆಚ್ಚು ಸುರಕ್ಷಿತವಿದ್ದೀತು. ಆದರೆ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಬಂಡೆಯ ಲವಣಗಳನ್ನೂ ಹೊತ್ತುತರುತ್ತದೆ.

ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಭಾರತೀಯ ಮಾನಕದ ಅಪೇಕ್ಷಿತ ಮಿತಿ. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5ರವರೆಗೆ ಸಮ್ಮತಿಯುಂಟು. ಇದನ್ನು ಮೀರಿದ ನೀರನ್ನು ಬಹುಕಾಲ ಕುಡಿದವರಿಗೆ ಮೊದಲು ಹಲ್ಲು, ಪ್ರಮಾಣ ಹೆಚ್ಚಾದಂತೆ ಮೂಳೆ, ಕೀಲುಗಳು ಕೆಡುತ್ತವೆ. 1937ರಲ್ಲಿಯೇ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ವೈದ್ಯರು ಈ ರೋಗವನ್ನು ವರ್ಣಿಸಿದ್ದರು. ಶಾಶ್ವತ ದಂತಗಳ ಎನಾಮಲ್ ರೂಪುಗೊಳ್ಳುವುದು ಮುಖ್ಯವಾಗಿ ಮೊದಲ ಎಂಟು ವರ್ಷಗಳಲ್ಲಿ. ಆಗ ಮೂಡಿದ ದೋಷವು ಜೀವನಪರ್ಯಂತ ಉಳಿಯುತ್ತದೆ. ಆದುದರಿಂದ ಕಲೆ ಕಂಡಮೇಲೆ ನೀರನ್ನು ಪರೀಕ್ಷಿಸುವುದು ತಡವಾಯಿತೆಂದೇ ಅರ್ಥ.

ಈ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ತಿಳಿಯದು. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ಆವಿಯಾಗಿ ನೀರು ಕುಗ್ಗಿದಷ್ಟೂ ಅದರ ಸಾಂದ್ರತೆ ಏರುತ್ತದೆ! ಶುದ್ಧೀಕರಣ ಯಂತ್ರ ಮಾರುವವರು ನೀರಿಗದ್ದಿ ತೋರಿಸುವ ಟಿ.ಡಿ.ಎಸ್. ಮಾಪಕವು ಒಟ್ಟು ಲವಣಗಳ ಅಂದಾಜನ್ನು ಹೇಳೀತೇ ಹೊರತು ಫ್ಲೋರೈಡನ್ನು ಬೇರ್ಪಡಿಸಿ ಹೇಳಲಾರದು. ಅದಕ್ಕೆ ಬೇರೆ ಉಪಾಯವುಂಟು. ಜಿರ್ಕೋನಿಯಂ ಬೆರೆತ ಕೆಂಪು ವರ್ಣದ್ರವ್ಯಕ್ಕೆ ನೀರು ಹಾಕಿದಾಗ ಫ್ಲೋರೈಡು ಜಿರ್ಕೋನಿಯಮನ್ನು ಸೆಳೆದುಕೊಳ್ಳುತ್ತದೆ. ಕೆಂಪು ಹಳದಿಯತ್ತ ತಿರುಗುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಪರೀಕ್ಷೆಯಿದು. ಸಂದೇಹ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಡಿಯಲ್ಲಿ ಗ್ರಾಮಸ್ಥ ಮಹಿಳೆಯರಿಗೆ ಇಂತಹ ಪರೀಕ್ಷೆಯ ತರಬೇತಿ ದೊರೆಯಿತು. ಆದರೆ ಅಲ್ಲಿ ಮುಖ್ಯ ಗಮನವು ಸಾರ್ವಜನಿಕ ಜಲಮೂಲಗಳ ಮೇಲೆ. ತೋಟದ ಕೊಳವೆಬಾವಿಯನ್ನು ಪರೀಕ್ಷಿಸುವ ಭಾರ ಒಡೆಯನಿಗೇ ಬಿಟ್ಟದ್ದು. ಈ ಏರ್ಪಾಡು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಬರಗಾಲದಲ್ಲಿ ಆ ನೀರನ್ನು ಕುಡಿಯುವವನು ಒಡೆಯನೊಬ್ಬನೇ ಅಲ್ಲ. ಕೂಲಿಯಾಳು ಕುಡಿಯುತ್ತಾನೆ, ನೆರೆಮನೆಯವರು ಕೊಡ ತುಂಬುತ್ತಾರೆ, ಟ್ಯಾಂಕರು ಊರಿಗೇ ಒಯ್ಯುತ್ತದೆ. ಹಲವರು ಕುಡಿಯುವ ನೀರಿನ ಪರೀಕ್ಷೆಯ ವೆಚ್ಚವನ್ನು ಪಂಚಾಯಿತಿಯೇ ವಹಿಸಲಿ; ಫಲಿತಾಂಶವನ್ನು ದಿನಾಂಕಸಹಿತ ಪಂಪುಮನೆಯ ಗೋಡೆಯ ಮೇಲೆ ಬರೆಯಿಸಲಿ.

ಹೀಗೆ ಬರೆದರೆ ಜಮೀನಿನ ಬೆಲೆ ಬಿದ್ದೀತೆಂದು ಅಂಜುವವರಿದ್ದಾರೆ. ಅವರ ಅಂಜಿಕೆ ನಿಷ್ಕಾರಣವಲ್ಲ. ಆದರೆ ಫ್ಲೋರೈಡ್ ಹೆಚ್ಚಿದ ಬಾವಿಯು ವ್ಯರ್ಥವಾದ ಬಾವಿಯಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು ಅದು ಸಾಕು. ಕುಡಿಯುವುದಕ್ಕೂ ಅಡುಗೆಗೂ ಮಾತ್ರ ಶೋಧಿಸಿದ ನೀರನ್ನೋ, ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿದರಾಯಿತು. ಗೋಡೆಯ ಮೇಲಿನ ಅಂಕಿಯೂ ಶಾಶ್ವತವಲ್ಲ: ಮಳೆ ಇಂಗಿದಾಗ ಒಂದು, ಬೇಸಗೆಯ ಕೊನೆಗೆ ಮತ್ತೊಂದು ಆಗಬಹುದಾದುದರಿಂದ ವರ್ಷಕ್ಕೆ ಎರಡು ಬಾರಿಯಾದರೂ ಅದನ್ನು ಅಳಿಸಿ ಬರೆಯಬೇಕಾದೀತು.